ತೂಕದ ಜೊತೆ ಎತ್ತರಾನೂ ಕೇಳಿ



ಕೂಲಿ ಮಾಡಿ ತಿನ್ನೋ ನಮ್ಮ ಕೇರಿಗೆ ಮಕ್ಕಳ ಬೊಜ್ಜಿನ ಮಾತು ಯಾಕಪ್ಪಾ ಅಂತ ಕೇಳಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. ದೇಶದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕದವರು 2015-16ರಲ್ಲಿ ನೂರಕ್ಕೆ 2.1 ಇದ್ದರು, 2019-21ಕ್ಕೆ 3.4 ಆದರು. ಅದೇ ಹೊತ್ತಿಗೆ ನೂರಕ್ಕೆ 35.5 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಎರಡೂ ತೊಂದರೆ ಒಂದೇ ಮಗುವಿಗೆ ಬರಬಹುದು. ಕೆಲಸಕ್ಕೆ ಓಡೋ ಅವಸರದಲ್ಲಿ ಐದು ರೂಪಾಯಿ ಪ್ಯಾಕೆಟ್ ಕೈಗೆ ಕೊಡ್ತೀವಿ. ಅದರಲ್ಲಿ ಎಣ್ಣೆ, ಉಪ್ಪು, ಸಕ್ಕರೆ ಇದೆ. ರಾಗಿ, ಕಾಳು, ಮೊಟ್ಟೆಯ ಸತ್ವ ಇಲ್ಲ.

ಕಾನೂನು ನಮ್ಮ ಕಡೆ ಇದೆ. ಎದೆಹಾಲಿಗೆ ಬದಲಾಗಿ ಮಾರುವ ಡಬ್ಬಿ ಹಾಲಿಗೆ ಜಾಹೀರಾತು ಕೂಡದು ಅಂತ 1992ರಲ್ಲೇ ಕಾಯ್ದೆ ಬಂತು. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಯನ್ನು ಶಾಲೆಯೊಳಗೆ, ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಅನ್ನುತ್ತೆ 2020ರ ನಿಯಮ. 6 ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಹಳ್ಳಿಯವರು ಕೇಳಿದರೆ 3 ತಿಂಗಳಲ್ಲಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2006ರಲ್ಲಿ ಆದೇಶ ಮಾಡಿತು.

ತಮ್ಮಂದಿರೇ, ಟೇಪು ಹಿಡಿದು ಆ 50 ಮೀಟರ್ ಅಳೆಯಿರಿ. ಅಂಗಡಿಯವರ ಜೊತೆ ಜಗಳ ಬೇಡ, ನಿಯಮ ತಿಳಿಸಿ. ತಾಯಂದಿರೇ, ಅಂಗನವಾಡಿಯಲ್ಲಿ ತೂಕ ಹಾಕುವ ದಿನ ಎತ್ತರಾನೂ ಅಳೆಸಿ, ಎರಡನ್ನೂ ಬರೆಸಿ. ಬರೀ ತೂಕ ನೋಡಿದರೆ ಕುಳ್ಳಗೆ ದಪ್ಪಗಿರೋ ಮಗು ಚೆನ್ನಾಗೇ ಇದೆ ಅನ್ನಿಸುತ್ತೆ. ಕೇಳೋಕೆ ಹಿಂಜರಿಯಬೇಡಿ. ಇದು ಯಾರ ದಯೆಯೂ ಅಲ್ಲ, ನಮ್ಮ ಮಕ್ಕಳ ಹಕ್ಕು.