ಷೇರು ಕೊಳ್ಳುವ ಮುನ್ನ ಓದಬೇಕಾದ ಕಾಗದ



ಮೂವತ್ತು ವರ್ಷ ಲೆಕ್ಕಪತ್ರದ ಕೆಲಸ ಮಾಡಿದವನು ನಾನು. ಷೇರಿನ ಬಗ್ಗೆ ನಾಲ್ಕು ಮಾತು ಹೇಳು ಎಂದು ಸಮಿತಿಯವರು ಕೇಳಿದ್ದಾರೆ. ಈಗ ನಮ್ಮ ಹುಡುಗರ ಮೊಬೈಲಿಗೂ ಷೇರುಪೇಟೆ ಬಂದಿದೆ, ಹೇಳುವುದು ಒಳ್ಳೆಯದೇ.

1933ರ ನಂತರ ಮೊದಲ ಸಲ, 2022ರಲ್ಲಿ, ನಮ್ಮ ಕಣಿವೆ ಕೋಡಿ ಬಿತ್ತಲ್ಲ? ಅದಕ್ಕೂ ಮುಂಚೆ ನಾವೆಲ್ಲ ದಿನಾ ಕೇಳುತ್ತಿದ್ದದ್ದು ಒಂದೇ ಮಾತು: ‘ಇವತ್ತು ಎಷ್ಟಡಿ?’ ಮಾಪಕ 130 ಅಡಿ ತೋರಿಸುವವರೆಗೆ ಯಾರು ಹೇಳಿದರೂ ನಂಬಲಿಲ್ಲ. ಷೇರುಪೇಟೆಯಲ್ಲಿರುವ ಕಂಪನಿಗೂ ಇಂಥ ಮಾಪಕವಿದೆ. ಸೆಬಿ ನಿಯಮದಂತೆ ಮೂರು ತಿಂಗಳಿಗೊಮ್ಮೆ ಲಾಭ-ನಷ್ಟದ ಫಲಿತಾಂಶ, ಷೇರುದಾರರ ವಿವರ, ವರ್ಷಕ್ಕೊಮ್ಮೆ ವಾರ್ಷಿಕ ವರದಿ ಸಲ್ಲಿಸಲೇಬೇಕು. ಬಿಎಸ್‌ಇ, ಎನ್‌ಎಸ್‌ಇ ಜಾಲತಾಣದಲ್ಲಿ ಯಾರು ಬೇಕಾದರೂ ಕಾಸಿಲ್ಲದೆ ಓದಬಹುದು.

ನಾನು ಓದದೆ ಕೆಟ್ಟದ್ದನ್ನು ಹೇಳಿಬಿಡುತ್ತೇನೆ. 2011ರಲ್ಲಿ ಅಣ್ಣ ಫೋನ್ ಮಾಡಿದ. ಕೊಳವೆಬಾವಿಗೆಂದು ಇಟ್ಟಿದ್ದ ಎರಡು ಲಕ್ಷವನ್ನು ಒಂದು ಕಂಪನಿಗೆ ಹಾಕಲೇ ಎಂದ. ಹೆಸರು ಕೇಳಿದ್ದೆ, ‘ಹಾಕು’ ಎಂದೆ. ವರ್ಷದೊಳಗೆ ಇಪ್ಪತ್ತು ಸಾವಿರ ಉಳಿಯಿತು. ಆಮೇಲೆ ವಿವರ ತೆಗೆದು ನೋಡಿದರೆ, ಮಾಲೀಕರು ತಮ್ಮ ಪಾಲಿನ ಅರ್ಧಕ್ಕೂ ಹೆಚ್ಚು ಷೇರನ್ನು ಸಾಲಕ್ಕೆ ಅಡವಿಟ್ಟಿದ್ದರು. ನಾವು ಹಣ ಹಾಕುವ ಮೊದಲೇ ಅದು ಅಲ್ಲಿತ್ತು. ಅಣ್ಣ ಒಂದು ಮಾತೂ ಆಡಲಿಲ್ಲ. ಆ ಬೇಸಿಗೆಯಲ್ಲಿ ತೋಟ ಒಣಗಿತು.

ಅಡವಿನ ವಿವರ ಕೊಡಲೇಬೇಕೆಂಬ ನಿಯಮ ಬಂದದ್ದು 2009ರಲ್ಲಿ, ಸತ್ಯಂ ಹಗರಣದ ನಂತರ. ಸತ್ಯಂನ ಲೆಕ್ಕಪತ್ರಗಳೇ ಸುಳ್ಳಾಗಿದ್ದವು, ಹಾಗಾಗಿ ಕಾಗದವೆಲ್ಲ ಸತ್ಯ ಎಂದು ನಾನು ಹೇಳುವುದಿಲ್ಲ. ಆದರೆ ಎಷ್ಟೋ ಸಲ ಕಾಗದ ನಿಜವನ್ನೇ ಹೇಳಿರುತ್ತದೆ, ನಾವು ಓದಿರುವುದಿಲ್ಲ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಹಾರಾಟ ನಿಂತದ್ದು 2012ರ ಅಕ್ಟೋಬರಿನಲ್ಲಿ. ಕಂಪನಿಯ ಸ್ವಂತ ಬಂಡವಾಳವೆಲ್ಲ ಕರಗಿದೆ ಎಂಬುದನ್ನು ಲೆಕ್ಕಪರಿಶೋಧಕರು 2010-11ರ ವರದಿಯಲ್ಲೇ ಎತ್ತಿ ಹೇಳಿದ್ದರು. ವಾರ್ಷಿಕ ವರದಿಯ ಮುಂದಿನ ಪುಟಗಳಲ್ಲಿ ಬಣ್ಣದ ಚಿತ್ರ ಇರುತ್ತವೆ. ನಾನಂತೂ ಮೊದಲು ತೆಗೆಯುವುದು ಪರಿಶೋಧಕರ ವರದಿಯನ್ನೇ.

ಇನ್ನೊಂದು, ನಗದು ಹರಿವಿನ ಪಟ್ಟಿ. ಇದನ್ನು ನಿಮಗೆ ಕಲಿಸಬೇಕಾಗಿಲ್ಲ. ಯಶವಂತಪುರಕ್ಕೆ ಈರುಳ್ಳಿ ಕಳಿಸಿದಾಗ ಪಟ್ಟಿಯಲ್ಲಿ ಒಳ್ಳೆ ರೇಟು ಬರೆದಿದ್ದು, ದುಡ್ಡು ಮಾತ್ರ ಬರದಿದ್ದರೆ ಅದನ್ನು ಲಾಭ ಎನ್ನುತ್ತೀರಾ? ಕಂಪನಿಯೂ ಉದ್ದರಿ ಮಾರಾಟವನ್ನು ಲಾಭವೆಂದೇ ಬರೆಯುತ್ತದೆ. ಲಾಭ ವರ್ಷವರ್ಷ ಏರುತ್ತಿದ್ದು, ವ್ಯಾಪಾರದಿಂದ ಕೈಗೆ ಬಂದ ನಗದು ಮಾತ್ರ ಇಳಿಯುತ್ತಿದ್ದರೆ, ಬಾಕಿ ಯಾರ ಹತ್ತಿರ ನಿಂತಿದೆ ಎಂದು ಟಿಪ್ಪಣಿಗಳಲ್ಲಿ ಹುಡುಕಬೇಕು. ಇಂಗ್ಲಿಷ್ ಎಂದು ಹೆದರಬೇಡಿ. ಅಂಕಿಗಳನ್ನು ಓದಲು ನಮ್ಮ ಗಣಿತದ ಮೇಷ್ಟ್ರು ಕಲಿಸಿದ್ದು ಸಾಕು.

ಊಟವಾದ ಮೇಲೆ ಹತ್ತನೇ ತರಗತಿಯ ಕೊಠಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತೇನೆ. ನಿಮ್ಮ ಹತ್ತಿರ ಯಾವ ಕಂಪನಿಯ ಷೇರಿದೆಯೋ ಅದರ ಹೆಸರು ಹೇಳಿ, ಕಾಗದ ತೆಗೆದು ಒಟ್ಟಿಗೆ ಓದೋಣ. ಯಾವುದನ್ನು ಕೊಳ್ಳಲಿ ಎಂದು ಮಾತ್ರ ನನ್ನನ್ನು ಕೇಳಬೇಡಿ. ಅಣ್ಣನೂ ಇಲ್ಲೇ ಮೂರನೇ ಸಾಲಿನಲ್ಲಿದ್ದಾನೆ, ನಗುತ್ತಾನೆ.