ಹುಲ್ಲುಮೆದೆಯ ಬೆಕ್ಕನ್ನು ಪಳಗಿಸುವ ಬಗೆ

(ರೈತ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ದನ, ಕುರಿ, ಕೋಳಿಗಳ ಪಾಲನೆಯ ಬಗ್ಗೆ ಈ ಶಿಬಿರದಲ್ಲಿ ಸಾಕಷ್ಟು ಕೇಳಿದ್ದೀರಿ. ಯಾರೂ ಲೆಕ್ಕಕ್ಕೆ ಹಿಡಿಯದ ಪ್ರಾಣಿಯೊಂದರ ವಿಚಾರವನ್ನು ನಾನಿಂದು ಹೇಳಬೇಕೆಂದಿದ್ದೇನೆ. ಅದು ಬೆಕ್ಕು, ಅದರಲ್ಲೂ ಹುಲ್ಲುಮೆದೆಯಲ್ಲೋ ಅಟ್ಟದಲ್ಲೋ ಹುಟ್ಟಿ, ಮನುಷ್ಯರನ್ನು ಕಂಡರೆ ಬುಸುಗುಟ್ಟಿ ಓಡುವ ಬೆಕ್ಕು.

ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಅಂಥದೊಂದು ಹೆಣ್ಣುಬೆಕ್ಕು ಇತ್ತು. ಹಾಲಿನ ಪಾತ್ರೆ ಉರುಳಿಸಿತೆಂದು ಹಿರಿಯರು ಅದನ್ನು ಗೋಣಿಚೀಲದಲ್ಲಿ ಕಟ್ಟಿ ಕೆರೆಯಾಚೆ ಬಿಟ್ಟುಬಂದರು. ಚೀಲದ ಬಾಯಿ ಹಿಡಿದವನು ನಾನೇ. ಎರಡು ದಿನಗಳ ಮೇಲೆ ಅಟ್ಟದಿಂದ ಕ್ಷೀಣವಾದ ಕೂಗು ಕೇಳಿಸಿತು. ಏಣಿ ಹಾಕಿ ನೋಡಿದರೆ ಮೂರು ಮರಿಗಳು, ಎರಡು ಸತ್ತಿದ್ದವು. ಉಳಿದ ಒಂದನ್ನು ಹೇಗೋ ಬದುಕಿಸಿಕೊಂಡೆವು. ಅದು ಬೇಟೆ ಕಲಿಯುವಷ್ಟರಲ್ಲಿ ಕಣಜದ ರಾಗಿಯಲ್ಲಿ ಇಲಿಗಳು ತಮ್ಮ ಪಾಲು ಎತ್ತಿಕೊಂಡಿದ್ದವು. ತಾಯಿಯನ್ನು ಓಡಿಸುವ ಬದಲು ಮರಿಗಳನ್ನು ಸಕಾಲದಲ್ಲಿ ಕೈಗೆ ರೂಢಿ ಮಾಡಿದ್ದರೆ ಈ ನಷ್ಟ ಆಗುತ್ತಿರಲಿಲ್ಲ.

ದಿನಗಳ ಲೆಕ್ಕ

ಬೆಕ್ಕು ಮನುಷ್ಯನನ್ನು ನಂಬುವುದನ್ನು ಕಲಿಯುವುದು ಬಹುಮಟ್ಟಿಗೆ ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದೊಳಗೆ. 1980ರ ದಶಕದಲ್ಲಿ ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದಲ್ಲಿ ಐಲೀನ್ ಕಾರ್ಶ್ ಎಂಬ ವಿಜ್ಞಾನಿ ಮರಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಇದು ತಿಳಿದುಬಂದಿತು. ಮೂರನೆಯ ವಾರದಿಂದಲೇ ದಿನವೂ ಕೈಯಲ್ಲಿ ಎತ್ತಿ ಆಡಿಸಿದ ಮರಿಗಳು, ಏಳನೆಯ ವಾರದಿಂದ ಎತ್ತಿ ಆಡಿಸಿದ ಮರಿಗಳಿಗಿಂತ ಹೆಚ್ಚು ಸಲಿಗೆಯಿಂದಿದ್ದವು.

ಮರಿಯ ವಯಸ್ಸನ್ನು ಸುಲಭವಾಗಿ ಅಂದಾಜು ಮಾಡಬಹುದು. ಕಣ್ಣು ಬಿಡುವುದು 7ರಿಂದ 10 ದಿನಗಳಲ್ಲಿ. ಮೂರು ವಾರಕ್ಕೆ ತಪ್ಪುಹೆಜ್ಜೆ ಹಾಕುತ್ತ ನಡೆಯುತ್ತದೆ. ನಾಲ್ಕು ವಾರಕ್ಕೆ ಆಟ ಆರಂಭಿಸಿ, ಮೆತ್ತನೆಯ ಆಹಾರಕ್ಕೆ ಬಾಯಿ ಹಾಕುತ್ತದೆ. ಎಂಟು ವಾರದೊಳಗಿನ ಮರಿಯನ್ನು ಪಳಗಿಸುವುದು ಸುಲಭ. ಮೂರು ನಾಲ್ಕು ತಿಂಗಳು ದಾಟಿದರೆ ಬಹಳ ಕಷ್ಟ.

ತಾಯಿ ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎನ್ನುತ್ತಾರೆ. ಗಲಾಟೆಯಾದರೆ ಅದು ಜಾಗ ಬದಲಿಸುವುದು ನಿಜ. ಆದ್ದರಿಂದ ಕಣ್ಣು ಬಿಡದ ಮರಿಗಳ ತಂಟೆಗೆ ಹೋಗಬೇಡಿ. ತಾಯಿಯೂ ಕಾಡುಸ್ವಭಾವದ್ದಾಗಿದ್ದರೆ, ಮರಿಗಳು ತಾವಾಗಿ ತಿನ್ನಲು ಕಲಿತ ಐದಾರು ವಾರಕ್ಕೆ ಒಳಗೆ ತರುವುದು ಸೂಕ್ತ.

ಪಳಗಿಸುವ ಕ್ರಮ

1. ಚಿಕ್ಕದೊಂದು ಕೋಣೆ ಸಾಕು. ಅವಿತುಕೊಳ್ಳಲು ಮಗುಚಿದ ಬುಟ್ಟಿ, ಹಳೆಯ ಬಟ್ಟೆ, ಮಲ ವಿಸರ್ಜನೆಗೆ ಮರಳು ತುಂಬಿದ ತಟ್ಟೆ ಇಡಿ. ಸಾಧ್ಯವಾದರೆ ಮರಿಗಳನ್ನು ಬೇರೆ ಬೇರೆ ಇರಿಸಿ. ಒಂಟಿ ಮರಿ ಬೇಗ ಮನುಷ್ಯನತ್ತ ತಿರುಗುತ್ತದೆ.

2. ಮೊದಲೆರಡು ದಿನ ಹಿಡಿಯಲು ಹೋಗಬೇಡಿ. ಆಹಾರವಿಟ್ಟು ನೆಲದ ಮೇಲೆ ಸುಮ್ಮನೆ ಕುಳಿತುಕೊಳ್ಳಿ. ಕಣ್ಣಿಗೆ ಕಣ್ಣಿಟ್ಟು ದಿಟ್ಟಿಸಬೇಡಿ.

3. ಮೂರನೆಯ ದಿನದಿಂದ ಬೇಯಿಸಿದ ಮೊಟ್ಟೆ ಅಥವಾ ಮುಳ್ಳು ತೆಗೆದ ಮೀನಿನ ಚೂರನ್ನು ಚಮಚದ ತುದಿಯಲ್ಲಿ ನೀಡಿ. ಒಳ್ಳೆಯ ತಿಂಡಿ ಮನುಷ್ಯ ಬಂದಾಗ ಮಾತ್ರ ಬರುತ್ತದೆಂಬುದು ಅದಕ್ಕೆ ಮನದಟ್ಟಾಗಬೇಕು.

4. ತಿನ್ನುತ್ತಿರುವಾಗ ಕೆನ್ನೆ, ಕಿವಿಯ ಹಿಂಭಾಗವನ್ನು ಮೆಲ್ಲಗೆ ಸವರಿ. ಮೇಲಿನಿಂದ ಗಬಕ್ಕನೆ ಕೈ ಹಾಕಬೇಡಿ. ಹದ್ದು ಎರಗಿದಂತೆ ಅದಕ್ಕೆ ತೋರುತ್ತದೆ. ಎತ್ತುವಾಗ ದಪ್ಪ ಟವೆಲಿನಲ್ಲಿ ಸುತ್ತಿಕೊಳ್ಳಿ.

5. ದಿನಕ್ಕೆ ಮೂರು ಸಲ ಕಾಲು ಕಾಲು ಗಂಟೆ ಇದನ್ನು ಮಾಡಿ. ಮನೆಯ ಎಲ್ಲರೂ ಸರದಿಯ ಮೇಲೆ ಮಾಡಿದರೆ ಉತ್ತಮ. ಇಲ್ಲವಾದರೆ ಮರಿ ಒಬ್ಬರಿಗೇ ಅಂಟಿಕೊಂಡು ಉಳಿದವರಿಗೆ ಹೆದರುತ್ತದೆ.

ಹಸುವಿನ ಹಾಲಿನಿಂದ ಅನೇಕ ಮರಿಗಳಿಗೆ ಭೇದಿಯಾಗುತ್ತದೆ. ಬರಿಯ ಮೊಸರನ್ನದಲ್ಲಿ ಬೆಕ್ಕು ಆರೋಗ್ಯವಾಗಿ ಬೆಳೆಯದು. ಅದರ ಕಣ್ಣು, ಹೃದಯಗಳಿಗೆ ಬೇಕಾದ ಟಾರಿನ್ ಎಂಬ ಅಂಶ ದೊರೆಯುವುದು ಮಾಂಸಾಹಾರದಿಂದ. ಜ್ವರವೆಂದು ಪ್ಯಾರಾಸಿಟಮಾಲ್ ಮಾತ್ರೆ ಕೊಡಬೇಡಿ. ಬೆಕ್ಕಿಗೆ ಅದು ವಿಷ.

ದೊಡ್ಡ ಬೆಕ್ಕುಗಳು

ಕಾಡುಸ್ವಭಾವದಲ್ಲೇ ಬೆಳೆದ ದೊಡ್ಡ ಬೆಕ್ಕನ್ನು ಮಡಿಲ ಬೆಕ್ಕಾಗಿಸಲು ಹೆಣಗಬೇಡಿ. ಕಣಜದ ಬಳಿ ನಿತ್ಯ ಒಂದೇ ಹೊತ್ತಿಗೆ ತುಸು ಆಹಾರ, ನೀರು ಇಡಿ. ಅದು ಅಲ್ಲೇ ನೆಲೆ ನಿಲ್ಲುತ್ತದೆ. ಹಸಿದಿದ್ದರೆ ಮಾತ್ರ ಬೇಟೆಯಾಡುತ್ತದೆಂಬುದು ತಪ್ಪು. ಹೊಟ್ಟೆ ತುಂಬಿದ ಬೆಕ್ಕೂ ಇಲಿ ಹಿಡಿಯುತ್ತದೆ. ಆದರೆ ದೊಡ್ಡ ಹೆಗ್ಗಣಗಳನ್ನು ಬೆಕ್ಕಿನಿಂದಲೇ ನಿವಾರಿಸಬಹುದೆಂದು ಎಣಿಸಬೇಡಿ. ಬೆಕ್ಕಿರುವ ಮನೆಯಲ್ಲಿ ಬ್ರೊಮಾಡಿಯೋಲೋನ್ ಪಾಷಾಣವನ್ನೂ ಬಳಸಬೇಡಿ. ಅದನ್ನು ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ಓಡಾಡುತ್ತದೆ. ಅಂಥ ಇಲಿ ತಿಂದ ಬೆಕ್ಕಿನ ಪ್ರಾಣಕ್ಕೂ ಅಪಾಯ.

ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭಾವಧಿ ಸುಮಾರು ಒಂಬತ್ತು ವಾರ. ಸಂತಾನಹರಣ ಶಸ್ತ್ರಚಿಕಿತ್ಸೆಯ ಬಗ್ಗೆ ಪಶುವೈದ್ಯರನ್ನು ಕೇಳಿ. ಮರಿಗಳನ್ನು ಚೀಲದಲ್ಲಿ ಸಾಗಿಸುವ ಪ್ರಸಂಗವೇ ಆಗ ಬಾರದು.

ಮೂರು ಎಚ್ಚರಿಕೆಗಳು

ಮೊದಲನೆಯದು ಹುಚ್ಚುರೋಗ. ಇದು ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರುತ್ತದೆ. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಅರಿಶಿನ, ಸುಣ್ಣ ಮೆತ್ತಿ ಕಾಯಬೇಡಿ. ರೋಗಲಕ್ಷಣ ಕಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಸಾಕಿದ ಮರಿಗೆ ಮೂರು ತಿಂಗಳಿಗೆ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ಮತ್ತೆ ಹಾಕಿಸುತ್ತಿರಿ.

ಎರಡನೆಯದಾಗಿ, ಗರ್ಭಿಣಿಯರು ಬೆಕ್ಕಿನ ಮಲದ ತಟ್ಟೆಯನ್ನು ಶುಚಿ ಮಾಡಬಾರದು. ಅದರಲ್ಲಿರಬಹುದಾದ ಪರೋಪಜೀವಿಯಿಂದ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿಯಾಗಬಹುದು.

ಮೂರನೆಯದು, ಕಬ್ಬು ಕಟಾವಿನಲ್ಲಿ ಸಿಗುವ ಮರಿಗಳು. ಇವು ಸಾಕುಬೆಕ್ಕಿನವಲ್ಲದೆ ಕಾಡುಬೆಕ್ಕಿನ ಮರಿಗಳೂ ಆಗಿರಬಹುದು. ಬೆಳೆದ ಕಾಡುಬೆಕ್ಕಿಗೆ ಉದ್ದ ಕಾಲು, ಮಣ್ಣು ಬಣ್ಣದ ಮೈ, ಮೋಟು ಬಾಲ, ಬಾಲದ ತುದಿಯಲ್ಲಿ ಕಪ್ಪು ಬಳೆಗಳು ಇರುತ್ತವೆ. ಮರಿಗಳ ಮೈಮೇಲೆ ಪಟ್ಟೆಗಳಿರುವುದರಿಂದ ಮೋಸಹೋಗುವುದು ಸುಲಭ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅವನ್ನು ಸಾಕುವಂತಿಲ್ಲ. ಆ ಭಾಗದ ಕಟಾವು ನಿಲ್ಲಿಸಿ, ಜನ ದೂರ ಸರಿದರೆ ತಾಯಿ ಬಂದು ಒಯ್ಯುತ್ತದೆ. ಬಾರದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಬಾಂಧವರೇ, ಊರಿಗೆ ಮರಳಿದ ಮೇಲೆ ಒಮ್ಮೆ ಅಟ್ಟದ ಮೇಲೆ, ಹುಲ್ಲುಮೆದೆಯ ಹಿಂದೆ ನೋಡಿ. ಮರಿಗಳಿದ್ದರೆ ಅವುಗಳ ವಾರಗಳನ್ನು ಎಣಿಸಿ. ಏಳು ವಾರವೆಂದರೆ ಹೆಚ್ಚು ದಿನವಲ್ಲ. ಸುಗ್ಗಿಯ ಗದ್ದಲದಲ್ಲಿ ಅದು ಕಳೆದುಹೋಗುವುದೇ ತಿಳಿಯುವುದಿಲ್ಲ.