ಪ್ರೌಢಶಾಲೆಯಲ್ಲಿ ಕಾವ್ಯತುಲನೆ

ಎರಡು ಕಾವ್ಯಭಾಗಗಳನ್ನು ಹೋಲಿಸಿ ಬರೆಯಿರಿ ಎಂದರೆ ನಮ್ಮ ಪ್ರೌಢಶಾಲೆಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲನೆಯದರ ಸಾರಾಂಶವನ್ನು ಬರೆಯುತ್ತಾರೆ. ಅದರ ಕೆಳಗೆ ಎರಡನೆಯದರ ಸಾರಾಂಶವನ್ನು ಬರೆಯುತ್ತಾರೆ. ಎರಡೂ ಬಹಳ ಸೊಗಸಾಗಿವೆ ಎಂದು ಮುಗಿಸುತ್ತಾರೆ. ತುಲೆ ಎಂದರೆ ತಕ್ಕಡಿಯಷ್ಟೆ. ಇಲ್ಲಿ ತಟ್ಟೆಗಳೆರಡೂ ಇವೆ, ನಡುವಣ ಮುಳ್ಳು ಮಾತ್ರ ಇಲ್ಲ. ಆ ಮುಳ್ಳನ್ನು ಹುಡುಗರ ಕೈಗೆ ಕೊಡುವ ಬಗೆ ಯಾವುದೆಂಬುದನ್ನು ನಾವೀಗ ವಿಚಾರಮಾಡೋಣ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಬೆಳೆಯುವ ಮಕ್ಕಳಿಗೆ ಇದಕ್ಕೆ ದೃಷ್ಟಾಂತವು ನೆರೆಯಲ್ಲಿಯೇ ಉಂಟು. 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಅಲ್ಲಿ ರಾಷ್ಟ್ರಧ್ವಜವನ್ನು ಸಿದ್ಧಪಡಿಸುತ್ತದೆ. ಆ ಕೆಲಸದಲ್ಲಿ 'ಚೆನ್ನಾಗಿದೆ' ಎಂಬ ಮಾತು ಸಾಲದು. ಉದ್ದಗಲಗಳು 3:2ರ ಪ್ರಮಾಣದಲ್ಲಿರಬೇಕು. ಚಕ್ರದ ಅರಗಳು 24 ಇರಬೇಕು. ನೂಲು, ಬಣ್ಣ, ಹೊಲಿಗೆ ಒಂದೊಂದನ್ನೂ ಬೇರೆಯಾಗಿ ಪರೀಕ್ಷಿಸಬೇಕು. ಕಾವ್ಯವನ್ನು ನೋಡುವವನಿಗೂ ಹೀಗೆ ಒಂದೊಂದೇ ಅಂಶವನ್ನು ಹಿಡಿದು ನೋಡುವ ಅಭ್ಯಾಸ ಬೇಕು. ಆದರೆ ಭೇದವೊಂದುಂಟು. ಒಂದು ಧ್ವಜವು ಇನ್ನೊಂದರಂತೆಯೇ ಇರತಕ್ಕದ್ದು. ಒಂದು ಕಾವ್ಯವು ಇನ್ನೊಂದರಂತೆ ಏಕಿಲ್ಲ ಎಂಬುದೇ ನಮ್ಮ ಪ್ರಶ್ನೆ.

ಈ ಪ್ರಶ್ನೆಗೆ ತಕ್ಕ ಕವಿಗಳಿಬ್ಬರು ಈ ಸೀಮೆಗೇ ಸಂಬಂಧಪಟ್ಟವರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೊರಟರೆ ದಾರಿಯಲ್ಲಿ ಅಣ್ಣಿಗೇರಿ, ಮುಂದೆ ಗದಗು. ಪಂಪನ ತಾಯಿಯ ಮನೆತನವು ಅಣ್ಣಿಗೇರಿಯದೆಂಬುದು ಅವನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನದಿಂದ ತಿಳಿಯುತ್ತದೆ. ಕುಮಾರವ್ಯಾಸನು ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಬರೆದನೆಂಬುದು ಪ್ರಸಿದ್ಧ. ಕೃಷ್ಣನು ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸುವ ಪ್ರಸಂಗವನ್ನು ಇಬ್ಬರೂ ಹೇಳಿದ್ದಾರೆ. ಕುಮಾರವ್ಯಾಸನ ಈ ಭಾಗವು ಹತ್ತನೆಯ ತರಗತಿಯ ಪಠ್ಯದಲ್ಲಿ ಸೇರಿ ಅನೇಕ ಮಕ್ಕಳಿಗೆ ಪರಿಚಿತವಾಗಿದೆ.

ಮೊದಲು ಸಾಮ್ಯವನ್ನು ಕೇಳೋಣ. ಇಬ್ಬರ ಕರ್ಣನೂ ರಾಜ್ಯವನ್ನು ಬೇಡವೆನ್ನುತ್ತಾನೆ. ಇಬ್ಬರ ಕರ್ಣನೂ ದುರ್ಯೋಧನನನ್ನು ಬಿಡುವುದಿಲ್ಲ. ಬಳಿಕ ಭೇದ. ಪಂಪನ ಕರ್ಣನಲ್ಲಿ ಮುಂದಾಗಿ ನಿಲ್ಲುವುದು ಮಾನ: ಸಾಕಿದವನ ಸ್ನೇಹವನ್ನು ತೊರೆದವನನ್ನು ಯಾರು ತಾನೆ ಹೇಸದಿರುವರು? ಕುಮಾರವ್ಯಾಸನ ಕರ್ಣನಿಗೆ ಕಣ್ಣೀರು ಬರುತ್ತದೆ. ಈ ಗುಟ್ಟು ತಿಳಿದುದರಿಂದಲೇ ತನ್ನ ಒಡೆಯನು ಕೆಟ್ಟನೆಂದು ಅವನು ಮರುಗುತ್ತಾನೆ. ಕೊನೆಗೆ ಕಾರಣ. 941ರಲ್ಲಿ ಬರೆದ ಪಂಪನು ಆಸ್ಥಾನಕವಿ, ಸ್ವತಃ ಯೋಧ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಗೂಡಿಸಿಯೂ ಎದುರುಪಕ್ಷದ ಕರ್ಣನ ನನ್ನಿಯನ್ನು ಅವನು ಎತ್ತಿಹಿಡಿದನು. ಕುಮಾರವ್ಯಾಸನಾದರೋ ತಾನು ಹೇಳುವುದು ಕೃಷ್ಣಕಥೆಯೆಂದೇ ತಿಳಿಸಿದ ಭಕ್ತ. ಅವನಲ್ಲಿ ದೇವರೇ ಭೇದವನ್ನು ಹೂಡುತ್ತಾನೆ. ಅದರ ಎದುರಿಗೆ ಮನುಷ್ಯನೊಬ್ಬನ ಸಂಕಟವು ಕಾಣುತ್ತದೆ.

ತರಗತಿಯಲ್ಲಿ ಅರ್ಥಹೇಳುವ ಮೊದಲು ಎರಡು ಭಾಗಗಳನ್ನೂ ಗಟ್ಟಿಯಾಗಿ ಓದಿಸುವುದು ಒಳ್ಳೆಯದು. ಚಂಪುವಿನ ವೃತ್ತ ಕಂದಗಳ ಬಿಗುವೂ ಭಾಮಿನಿಯ ಓಟವೂ ಕಿವಿಗೆ ಬಿದ್ದರೆ ಅರ್ಧ ಭೇದವು ಆಗಲೇ ತಿಳಿದಂತಾಯಿತು. ಎಂಟು ಹತ್ತು ವಾಕ್ಯಗಳ ಉತ್ತರದಲ್ಲಿ ಎರಡು ಸಾಮ್ಯಕ್ಕೆ, ನಾಲ್ಕೈದು ಭೇದಕ್ಕೆ, ಉಳಿದವು ಕಾರಣಕ್ಕೆ ಮೀಸಲಾಗಲಿ. ಒಂದೊಂದು ಮಾತಿಗೂ ಕವಿಯ ಒಂದು ಪದವು ಸಾಕ್ಷಿಯಾಗಿರಲಿ.

ಇದಕ್ಕೆಲ್ಲ ಸಮಯವೆಲ್ಲಿ, ಪರೀಕ್ಷೆಗೆ ಅಚ್ಚಾದ ಗೈಡಿನ ಉತ್ತರವೇ ಕ್ಷೇಮ ಎಂದು ತಂದೆತಾಯಿಗಳು ಹೇಳುವುದುಂಟು. ಅವರ ಭಯವು ನಿರಾಧಾರವಲ್ಲ. ಮಾದರಿ ಉತ್ತರವನ್ನು ಮುಂದಿಟ್ಟುಕೊಂಡು ಮಾತಿಗೆ ಮಾತು ಹೊಂದಿಸುವ ಪರೀಕ್ಷಕನ ಕೈಯಲ್ಲಿ ಸ್ವಂತವಾಗಿ ಯೋಚಿಸಿದ ಹುಡುಗಿಗೇ ಅಂಕ ಕಡಮೆಯಾಗಬಹುದು. ಆದುದರಿಂದ ಶಿಕ್ಷಣವು ಇಬ್ಬರಿಗೂ ಬೇಕು. ಕಾವ್ಯದ ಮಾತಿನಿಂದ ಸಮರ್ಥಿಸಿದ ಯಾವ ಅಭಿಪ್ರಾಯವನ್ನೂ ಪರೀಕ್ಷಕರು ಮನ್ನಿಸತಕ್ಕದ್ದು. ಸಮರ್ಥಿಸದ ಅಭಿಪ್ರಾಯವನ್ನು, ಅದು ಗೈಡಿನದೇ ಆದರೂ, ಪ್ರಶ್ನಿಸತಕ್ಕದ್ದು. ಹದಿನೈದರ ವಯಸ್ಸಿನಲ್ಲಿ ಇಬ್ಬರು ಕರ್ಣರನ್ನು ನ್ಯಾಯವಾಗಿ ತೂಗಲು ಕಲಿತವರು, ಮುಂದೆ ಇಬ್ಬರು ಮನುಷ್ಯರ ಮಾತನ್ನೂ ಕೇಳಿಯೇ ತೀರ್ಪುಕೊಡುವರೆಂದು ನಾವು ನಂಬಬಹುದು.